ಟೈಮ್ ಮೇಷ್ಟ್ರು

ಶಾಂತಿಗ್ರಾಮದಲ್ಲಿ ಯಾರಿಗಾದರೂ ಫೋನ್ ಮಾಡಿ 'ಎಲ್ಲಿದೀರಿ?' ಅಂತ ಕೇಳಿ ನೋಡಿ. 'ಟೋಲ್ ಹತ್ರ ಇದೀನಿ, ಇನ್ನೇನ್ ಬಂದೆ' ಅನ್ನುತ್ತಾರೆ. ಬೆಂಗಳೂರು–ಮಂಗಳೂರು ಹೆದ್ದಾರಿಗೆ ನಮ್ಮೂರ ಹೆಸರಿನ ಟೋಲ್ ಗೇಟ್ ಬಂದದ್ದರಿಂದ ಆದ ದೊಡ್ಡ ಉಪಕಾರ ಇದು. ಮುಂಚೆ 'ದಾರೀಲಿದೀನಿ' ಅನ್ನಬೇಕಿತ್ತು. ಯಾವ ದಾರಿ ಅಂತ ಕೆದಕುವವರೂ ಇದ್ದರು. ಟೋಲ್ ಅಂದರೆ ಮುಗಿಯಿತು, ಅದಕ್ಕೆ ಮರುಪ್ರಶ್ನೆ ಇಲ್ಲ. ಹಾಸನದ ಕಡೆಯಿಂದ ಬರುವವನೂ ಟೋಲ್ ಹತ್ರ, ಚನ್ನರಾಯಪಟ್ಟಣದ ಕಡೆಯಿಂದ ಬರುವವನೂ ಟೋಲ್ ಹತ್ರ, ಬಚ್ಚಲಲ್ಲಿ ಮೈಗೆ ಸೋಪು ಹಚ್ಚಿಕೊಂಡು ನಿಂತವನೂ ಟೋಲ್ ಹತ್ರ. ಇವರೆಲ್ಲ ನಿಜವಾಗಿ ಅಲ್ಲಿದ್ದಿದ್ದರೆ ಆ ಸಾಲು ಹಾಸನಾಂಬೆ ದರ್ಶನದ ಸಾಲನ್ನು ಮೀರಿಸುತ್ತಿತ್ತು.

ಈ ಮಾತನ್ನು ಊರಲ್ಲಿ ಒಬ್ಬರು ಮಾತ್ರ ಆಡುತ್ತಿರಲಿಲ್ಲ. ಅವರು ನಮ್ಮ ಟೈಮ್ ಮೇಷ್ಟ್ರು.

ಹೋಬಳಿಗೊಬ್ಬರಂತೆ ಇಂಥ 'ಹೋಗಿಬಂದ ಮೇಷ್ಟ್ರು' ನಿಮಗೂ ಸಿಕ್ಕಿರುತ್ತಾರೆ. ಮಾಲ್ಡೀವ್ಸ್‌ಗೆ ಹೋಗಿಬಂದವರು ಮೀನಿನ ವಾಸನೆಯಿಂದ ಮಾತು ಶುರುಮಾಡುತ್ತಾರೆ, ಭೂತಾನಕ್ಕೆ ಹೋಗಿಬಂದವರು ಚಳಿಯಿಂದ, ಕೊಲ್ಲಿಗೆ ಹೋಗಿಬಂದವರು ಸಂಬಳದಿಂದ. ನಮ್ಮ ಮೇಷ್ಟ್ರು ಇಥಿಯೋಪಿಯಾಕ್ಕೆ ಹೋಗಿಬಂದವರು. ಆದ್ದರಿಂದ ಟೈಮಿನಿಂದ ಶುರುಮಾಡುತ್ತಾರೆ. ಆ ದೇಶಕ್ಕೆ ಮೇಷ್ಟ್ರುಗಳನ್ನು ಕಳಿಸುವುದು ನಮಗೆ ಹೊಸದಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲೇ ಅಲ್ಲಿನ ಶಾಲೆಗಳ ತುಂಬ ಇಂಡಿಯಾದ ಉಪಾಧ್ಯಾಯರಿದ್ದರು. 2000ದ ಈಚೆಗೆ ಅಲ್ಲಿ ಒಂದರ ಹಿಂದೊಂದು ವಿಶ್ವವಿದ್ಯಾಲಯ ತೆರೆದಾಗ ಇನ್ನೊಂದು ಅಲೆ ಹೋಯಿತು. ಆ ಅಲೆಯಲ್ಲಿ ನಮ್ಮ ಮೇಷ್ಟ್ರು, ಎರಡು ಸೂಟ್‌ಕೇಸು, ಒಂದು ಪ್ರೆಶರ್ ಕುಕ್ಕರು, ಹತ್ತು ಕೆ.ಜಿ. ರಾಗಿಹಿಟ್ಟು ಮತ್ತು ಒಂದು ಎಚ್.ಎಂ.ಟಿ. ವಾಚಿನ ಸಮೇತ, ಕಾಫಿ ಬೆಳೆಯುವ ಸೀಮೆಯ ಒಂದು ಊರಿಗೆ ಗಣಿತ ಹೇಳಲು ಹೋದರು. ಹನ್ನೊಂದು ವರ್ಷ ಇದ್ದರು.

ಹೋಗುವ ಮುಂಚೆ ಅವರು ಹೇಗಿದ್ದರು ಅನ್ನುವುದನ್ನು ನಾನು ಹೇಳಬೇಕು, ಏಕೆಂದರೆ ಅವರು ಹೇಳುವುದಿಲ್ಲ. ನಾನೂ ಮೇಷ್ಟ್ರೇ, ಭೂಗೋಳದವನು. ಹಾಸನದ ಆಚೆ ಕೆಲಸ ಮಾಡಿದವನಲ್ಲ. ನಾವಿಬ್ಬರೂ ಒಂದೇ ಬಸ್ಸು ತಪ್ಪಿಸಿಕೊಂಡು ಬೆಳೆದವರು. ಕಾಲೇಜಿನಲ್ಲಿ ಅವರ ಮೊದಲನೇ ಪೀರಿಯಡ್ಡು ಯಾವಾಗಲೂ ಎರಡನೇ ಪೀರಿಯಡ್ಡಿನಲ್ಲಿ ನಡೆಯುತ್ತಿತ್ತು. ಕಾರಣಗಳು ಋತುಮಾನಕ್ಕೆ ತಕ್ಕಂತೆ: ಮೇನಲ್ಲಿ ಆಲೂಗೆಡ್ಡೆ ಬಿತ್ತನೆ, ಶ್ರಾವಣದಲ್ಲಿ ಮಳೆ, ಸಂಕ್ರಾಂತಿ ಹೊತ್ತಿಗೆ ರಾಗಿ ಕಣ. ವಾಚು ಆಗಲೂ ಇತ್ತು. ಅದು ಮದುವೆಯಲ್ಲಿ ಮಾವ ಕೊಟ್ಟದ್ದು, ಕಟ್ಟಿಕೊಳ್ಳುವುದಕ್ಕಿತ್ತು, ನೋಡಿಕೊಳ್ಳುವುದಕ್ಕಲ್ಲ.

ಇಥಿಯೋಪಿಯಾದಲ್ಲಿ ಮೊದಲನೇ ದಿನವೇ ಎಡವಟ್ಟಾಯಿತು. ವಿಭಾಗದವರು 'ನಾಳೆ ಎರಡು ಗಂಟೆಗೆ ಕ್ಲಾಸು' ಅಂದರು. ಮೇಷ್ಟ್ರು ನಿಧಾನವಾಗಿ ಸ್ನಾನ ಮಾಡಿ, ಅನ್ನ ಸಾರು ಉಂಡು, ಒಂದು ಜೊಂಪು ನಿದ್ದೆ ತೆಗೆದು, ಎರಡಕ್ಕೆ ಐದು ನಿಮಿಷ ಇರುವಾಗಲೇ ಹೋದರು. ಜೀವಮಾನದಲ್ಲಿ ಮೊದಲ ಸಲ ಟೈಮಿಗೆ ಮುಂಚೆ ಹೋಗಿದ್ದಾರೆ, ನೋಡಿದರೆ ಕೋಣೆ ಖಾಲಿ. ಕ್ಲಾಸು ಬೆಳಿಗ್ಗೆ ಎಂಟಕ್ಕೇ ಆಗಬೇಕಿತ್ತು. ಆ ದೇಶದ ಜನ ಗಂಟೆ ಎಣಿಸುವುದು ನಡುರಾತ್ರಿಯಿಂದಲ್ಲ, ಸೂರ್ಯ ಹುಟ್ಟಿದ ಮೇಲೆ. ನಮ್ಮ ಏಳು ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಸಂಜೆ ಆರಾದರೆ ಹನ್ನೆರಡು, ಅಲ್ಲಿಂದ ರಾತ್ರಿಯ ಲೆಕ್ಕ ಬೇರೆ. ಭೂಮಧ್ಯರೇಖೆಗೆ ಹತ್ತಿರದ ದೇಶ, ವರ್ಷವಿಡೀ ಹೆಚ್ಚುಕಮ್ಮಿ ಆರಕ್ಕೇ ಬೆಳಗಾಗುತ್ತದೆ, ಹಾಗಾಗಿ ಲೆಕ್ಕ ತಪ್ಪುವುದೂ ಇಲ್ಲ. ಮೇಷ್ಟ್ರು ಆರು ಗಂಟೆ ಲೇಟು. ಹಾಸನದಲ್ಲೂ ಅಷ್ಟು ಲೇಟಾಗಿ ಹೋಗಿದ್ದಿಲ್ಲ.

ಈ ಕತೆಯನ್ನು ನಮಗೆ ಹೇಳಿದ್ದು ಅವರ ಮನೆಯವರು. ಮೇಷ್ಟ್ರಾಗಿದ್ದರೆ ಆ ಮೊದಲ ದಿನ ಕ್ಯಾಲೆಂಡರಿನಲ್ಲೇ ಇರುತ್ತಿರಲಿಲ್ಲ. ಕ್ಯಾಲೆಂಡರ್ ಅಂದರೆ ಅದೂ ಬೇರೆಯೇ: ಮೂವತ್ತು ದಿನದ ಹನ್ನೆರಡು ತಿಂಗಳು, ಕೊನೆಗೆ ಐದೋ ಆರೋ ದಿನದ ಹದಿಮೂರನೆಯ ತಿಂಗಳು, ಇಸವಿ ನಮಗಿಂತ ಏಳೆಂಟು ವರ್ಷ ಹಿಂದೆ. ಹೊಸ ಸಹಸ್ರಮಾನವನ್ನು ಅವರು 2007ರ ಸೆಪ್ಟೆಂಬರಿನಲ್ಲಿ ಆಚರಿಸಿದರು. 'ಎಲ್ಲ ದೇಶದವರೂ ಮುಗಿಸಿ ಎಲೆ ಎತ್ತಿದ ಮೇಲೆ ಇವರು ಪಂಕ್ತಿಗೆ ಕೂತ್ರು' ಅನ್ನುತ್ತಾರೆ ಮೇಷ್ಟ್ರು. ಮದುವೆ ಮನೆಯಲ್ಲಿ ಕೊನೇ ಪಂಕ್ತಿಯ ಗಿರಾಕಿಯಾಗಿದ್ದವರು ಅವರೇ ಅನ್ನುವುದನ್ನು ಮರೆತು.

ಮೇಷ್ಟರ ತಾಯಿ ಆಗಿನ್ನೂ ಇದ್ದರು. ರಜಕ್ಕೆ ಬಂದ ಮಗ ಈ ಗಡಿಯಾರದ ವಿಚಿತ್ರವನ್ನು ಜಗಲಿ ಮೇಲೆ ಕೂತು ವರ್ಣಿಸುತ್ತಿದ್ದಾಗ ನಾವೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ, 'ಅದ್ರಲ್ಲೇನದೆ? ಒತ್ತು ಹುಟ್ಟಿದ್ ಮ್ಯಾಲೆ ತಾನೇ ದಿನ ಎಣ್ಸೋದು? ನಡುರಾತ್ರೀಲಿ ಎದ್ದು ಒಂದು ಅಂತ ಎಣ್ಸೋರು ಕಳ್ಳರು' ಅಂದರು. ಘಳಿಗೆ ಲೆಕ್ಕದಲ್ಲಿ ಬದುಕಿದ ಜೀವ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ಅರವತ್ತು ಘಳಿಗೆ. ಇಥಿಯೋಪಿಯಾದ ಗಡಿಯಾರ ಆಕೆಗೆ ವಿದೇಶವಲ್ಲ, ತವರುಮನೆ. ಆ ಮಾತು ಮೇಷ್ಟರಿಗೆ ರುಚಿಸಲಿಲ್ಲ. ಅಷ್ಟು ದೂರ ವಿಮಾನದಲ್ಲಿ ಹೋಗಿ ಕಂಡು ತಂದದ್ದನ್ನು ಅವ್ವ ಅವರೆಕಾಯಿ ಮೊರದಲ್ಲೇ ಕಂಡುಬಿಟ್ಟರೆ ಯಾರಿಗೆ ತಾನೇ ರುಚಿಸುತ್ತದೆ.

ಎಡವಟ್ಟಿನ ಮಾತು ಅರ್ಧಕ್ಕೆ ನಿಂತಿತ್ತು. ಮರುದಿನ ಯಾರಾದರೂ ಮೇಷ್ಟರನ್ನು ಬೈದಿದ್ದರೆ ಅವರು ಹಳೆಯ ಮೇಷ್ಟರಾಗಿಯೇ ಉಳಿಯುತ್ತಿದ್ದರೋ ಏನೋ. ಯಾರೂ ಬೈಯಲಿಲ್ಲ. ಎಲ್ಲರೂ ನಕ್ಕು 'ಇಶಿ, ಇಶಿ' ಅಂದರು. ಅಮ್ಹಾರಿಕ್ ಭಾಷೆಯ ಈ 'ಇಶಿ' ನಮ್ಮ 'ಆಯ್ತು ಬಿಡಿ' ಇದ್ದ ಹಾಗೆ. ಒಪ್ಪಿಗೆಯೂ ಹೌದು, ಸಮಾಧಾನವೂ ಹೌದು, ಆಗದ ಕೆಲಸಕ್ಕೆ ಕೊಡುವ ಮಾತೂ ಹೌದು. ಆ ನಗು ಮೇಷ್ಟರಿಗೆ ನಾಟಿತು. 'ಇಂಡಿಯಾದವನು ಲೇಟು' ಅಂದುಕೊಂಡರಲ್ಲ! ಅಂದಿನಿಂದ ಅವರು ಇಂಡಿಯಾದ ಮಾನವನ್ನು ತಮ್ಮ ಎಡ ಮಣಿಕಟ್ಟಿನ ಮೇಲೆ ಹೊತ್ತರು. ಎರಡಕ್ಕೆ ಅಂದರೆ ಒಂದೂ ಐವತ್ತಕ್ಕೆ ಹಾಜರು. ಹುಡುಗರು ಎರಡೂ ಕಾಲಿಗೆ, ಎರಡೂವರೆಗೆ, ನಗುನಗುತ್ತಾ, ಕೈ ಕುಲುಕುತ್ತಾ, ಭುಜಕ್ಕೆ ಭುಜ ತಾಗಿಸುತ್ತಾ ಬರುವರು. ಮೇಷ್ಟ್ರು ಬೋರ್ಡಿನ ಮುಂದೆ ಹೊಯ್ಸಳರ ಕಾಲದ ದ್ವಾರಪಾಲಕನಂತೆ ನಿಂತು, 'ನಮ್ಮ ಇಂಡಿಯಾದಲ್ಲಿ ಹೀಗೆಲ್ಲ ನಡೆಯೋದಿಲ್ಲ. ಅಲ್ಲಿ ಹತ್ತು ಅಂದರೆ ಹತ್ತು' ಅನ್ನುವರು. ಹನ್ನೊಂದು ವರ್ಷ ಇದನ್ನೇ ಹೇಳಿದರು. ಹೀಗೆ ಆ ಸೀಮೆಯ ಒಂದು ತಲೆಮಾರಿನ ಎಂಜಿನಿಯರುಗಳು ಇಂಡಿಯಾ ಎಂಬ ದೇಶದಲ್ಲಿ ಬಸ್ಸು, ಮಂತ್ರಿ, ಮದುವೆ ಎಲ್ಲವೂ ಸೆಕೆಂಡಿಗೆ ಸರಿಯಾಗಿ ಬರುತ್ತವೆಂದು ನಂಬಿ ಪದವಿ ಪಡೆದರು.

ಅವರನ್ನು ಅಲ್ಲಿ ಸೋಲಿಸಿದ್ದು ಕಾಫಿಯೊಂದೇ. ಅಲ್ಲಿ ಕಾಫಿಗೆ ಕರೆದರೆ ಲೋಟ ಕೈಗೆ ಕೊಡುವುದಿಲ್ಲ. ನೆಲಕ್ಕೆ ಹಸಿ ಹುಲ್ಲು ಹಾಸುತ್ತಾರೆ, ಧೂಪ ಹಾಕುತ್ತಾರೆ. ಹಸಿರು ಬೀಜವನ್ನು ನಿಮ್ಮೆದುರೇ ತೊಳೆದು, ಹುರಿದು, ಆ ಹೊಗೆಯನ್ನು ನಿಮ್ಮ ಮೂಗಿನ ಹತ್ತಿರ ತಂದು ತೋರಿಸಿ, ಕುಟ್ಟಿ, ಜೆಬೆನಾ ಅನ್ನುವ ಕರಿ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಎತ್ತರದಿಂದ ಸುರಿಯುತ್ತಾರೆ. ಒಂದು ಸುತ್ತಲ್ಲ, ಮೂರು ಸುತ್ತು: ಅಬೋಲ್, ತೋನ, ಬರಕ. ಮೊದಲ ಸುತ್ತಿಗೇ ಎದ್ದರೆ ಮನೆಯವರ ಮುಖ ಸಣ್ಣದಾಗುತ್ತದೆ. ಮೂರನೆಯದರಲ್ಲಿ ಆಶೀರ್ವಾದ ಇದೆಯಂತೆ. ಒಂದು ಕಾಫಿಗೆ ಒಂದೂವರೆ ಗಂಟೆ. ನಮ್ಮ ಸಕಲೇಶಪುರದ ಗಿಡಗಳ ಮೂಲವೂ ಆ ನೆಲವೇ. ಅಲ್ಲಿಂದ ಯೆಮನ್‌ಗೆ ಹೋಗಿ, ಬಾಬಾಬುಡನ್ ಕಟ್ಟಿಕೊಂಡು ಬಂದ ಬೀಜದಿಂದ ಈ ಕಡೆ ಹಬ್ಬಿತು ಅನ್ನುತ್ತಾರೆ. ಬೀಜ ಬಂತು, ಮೂರು ಸುತ್ತಿನ ವ್ಯವಧಾನ ಬರಲಿಲ್ಲ. ಬೈಟು ಕಾಫಿಯನ್ನು ನಿಂತುಕೊಂಡೇ ಕುಡಿದು ಹೊರಡುವ ನಾವು, ಹೊರಟು ಎಲ್ಲಿಗೂ ಟೈಮಿಗೆ ತಲುಪುವುದಿಲ್ಲವಲ್ಲ, ಉಳಿಸಿದ ಆ ಒಂದು ಗಂಟೆ ಎಲ್ಲಿಗೆ ಹೋಗುತ್ತದೆ ಅನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಊರಿಗೆ ವಾಪಸು ಬಂದ ಮೇಲೆ ಮೇಷ್ಟರ ವಾಚು ಮುಳ್ಳಿನಷ್ಟೂ ಬದಲಾಗಲಿಲ್ಲ, ದೇಶ ಮಾತ್ರ ಬದಲಾಯಿತು. 'ನಮ್ಮ ಇಥಿಯೋಪಿಯಾದಲ್ಲಿ ಹೀಗೆಲ್ಲ ನಡೆಯೋದಿಲ್ಲ' ಅನ್ನತೊಡಗಿದರು. ಅಲ್ಲಿದ್ದಾಗ ಇಲ್ಲಿಯ ಹೆಸರು, ಇಲ್ಲಿದ್ದಾಗ ಅಲ್ಲಿಯ ಹೆಸರು. ಸಮಯಪಾಲನೆ ಅನ್ನುವುದು ಅವರ ಪಾಲಿಗೆ ಯಾವಾಗಲೂ ತಾವಿಲ್ಲದ ಊರಿನಲ್ಲಿತ್ತು.

ಊರವರು ಮೊದಮೊದಲು ಹೆದರಿದರು, ಆಮೇಲೆ ಉಪಯೋಗಿಸಿಕೊಳ್ಳಲು ಕಲಿತರು. ಆರತಕ್ಷತೆ ಸಂಜೆ 6-30ಕ್ಕೆ ಅಂತ ಲಗ್ನಪತ್ರಿಕೆಯಲ್ಲಿ ಇದ್ದರೆ ಮೇಷ್ಟ್ರು 6-25ಕ್ಕೆ ಛತ್ರದಲ್ಲಿ. ಆಗ ಅಲ್ಲಿರುವುದು ಲೈಟಿನವನು, ಈರುಳ್ಳಿ ಹೆಚ್ಚುವ ನಾಲ್ವರು, ಬನಿಯನ್ನಿನಲ್ಲಿ ಓಡಾಡುವ ಮದುಮಗ. 'ಬಂದ್ರಾ ಮೇಷ್ಟ್ರೇ, ಒಂಚೂರು ಈ ಏಣಿ ಹಿಡ್ಕೊಳಿ' ಅಂತ ಶುರುವಾಗಿ, ಬಾಳೆಕಂಬ ಕಟ್ಟಿಸುವುದು, ಕುರ್ಚಿ ಸಾಲು ಮಾಡಿಸುವುದು, ಹಾಲಿನವನಿಗೆ ಫೋನ್ ಹಚ್ಚುವುದು, ಎಲ್ಲವೂ ಅವರ ಪಾಲಿಗೆ. ಈಚೆಗಂತೂ ಮದುವೆ ಖರ್ಚಿನ ಪಟ್ಟಿ ಬರೆಯುವಾಗ 'ಬೇಗ ಬಂದು ನೋಡ್ಕೊಳೋಕೆ ಒಬ್ರು ಬೇಕಲ್ಲಪ್ಪ' ಅಂದರೆ, 'ಪತ್ರಿಕೆ ಕೊಟ್ಟಿದೀವಲ್ಲ ಮೇಷ್ಟ್ರಿಗೆ' ಅನ್ನುವ ಮಟ್ಟಕ್ಕೆ ಬಂದಿದೆ.

ಇದನ್ನು ಕಂಡು ಮರುಗಿದ ಒಬ್ಬ ಪುಣ್ಯಾತ್ಮ ಮಗಳ ನಾಮಕರಣಕ್ಕೆ ಊರಿಗೆಲ್ಲ ಹನ್ನೊಂದು ಗಂಟೆ ಅಂತ ಹೇಳಿ, ಮೇಷ್ಟರಿಗೆ ಮಾತ್ರ ಒಂದು ಗಂಟೆ ಅಂತ ಹೇಳಿದ. ಮೇಷ್ಟ್ರು ಒಂದಕ್ಕೆ ಹೋದರೆ ಎಲ್ಲರೂ ಆಗತಾನೇ ಬಂದು ಕೂತಿದ್ದಾರೆ, ತೊಟ್ಟಿಲಿಗೆ ಹೂವು ಕಟ್ಟುತ್ತಿದ್ದಾರೆ. ಬದುಕಿನಲ್ಲಿ ಮೊದಲ ಬಾರಿ ಎಲ್ಲವೂ ಸರಿಯಾದ ಟೈಮಿಗೆ! ಮೇಷ್ಟರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟರಲ್ಲಿ ಯಾರೋ 'ಹನ್ನೊಂದಕ್ಕೆ ಅಂದಿದ್ರಿ, ಈಗ್ಲೂ ಶುರುವಾಗಿಲ್ವಾ' ಅಂತ ಗೊಣಗಿದರು. ಮೇಷ್ಟ್ರು ಮನೆ ಯಜಮಾನನನ್ನು ಮೂಲೆಗೆ ಕರೆದು, 'ನನಗೊಬ್ಬನಿಗೇ ಸುಳ್ಳು ಹೇಳಿದ್ಯಾ?' ಅಂದರು.

'ಇಲ್ಲ ಮೇಷ್ಟ್ರೇ. ನಿಮಗೊಬ್ರಿಗೇ ನಿಜ ಹೇಳಿದ್ದು.'

ಅವತ್ತು ಮೇಷ್ಟ್ರು ಊಟ ಸರಿಯಾಗಿ ಮಾಡಲಿಲ್ಲ.

ನನಗೂ ಅವರಿಗೂ ಒಂದು ಹಳೆಯ ವ್ಯಾಜ್ಯವಿದೆ. ಇಂಡಿಯಾದ ಗಡಿಯಾರವೆಲ್ಲ ನಡೆಯುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಮ್ಮ ಶಾಂತಿಗ್ರಾಮ ಇರುವುದು 76ರ ಆಸುಪಾಸು. ಡಿಗ್ರಿಗೆ ನಾಲ್ಕು ನಿಮಿಷದಂತೆ ಹಾಕಿ: ಮಿರ್ಜಾಪುರದ ನೆತ್ತಿಗೆ ಬಂದ ಸೂರ್ಯ ನಮ್ಮ ನರಸಿಂಹಸ್ವಾಮಿ ಗುಡಿಯ ನೆತ್ತಿಗೆ ಬರಲು ಸುಮಾರು ಇಪ್ಪತ್ತೈದು ನಿಮಿಷ ತಡ. ಹೆಚ್ಚುಕಮ್ಮಿ ಒಂದು ಘಳಿಗೆ. 'ಸ್ವತಃ ಸೂರ್ಯನಾರಾಯಣನೇ ಹಾಸನ ಸೀಮೆಗೆ ಒಂದು ಘಳಿಗೆ ಲೇಟಾಗಿ ಬರೋವಾಗ ಹುಲುಮಾನವರು ಬೇಗ ಬಂದು ಏನು ಮಾಡೋದು?' ಅಂದೆ. ಮೇಷ್ಟ್ರು ಯೋಚಿಸಿ, 'ಸೂರ್ಯ ದಿನಾ ಅಷ್ಟೇ ಲೇಟು. ನೀವು ದಿನಕ್ಕೊಂದು ಲೇಟು' ಅಂದರು. ಅದೂ ಪೂರ್ತಿ ಸರಿಯಲ್ಲ. ಫೆಬ್ರವರಿಯಲ್ಲಿ ಸೂರ್ಯ ಇನ್ನೂ ಕಾಲು ಗಂಟೆ ಹಿಂದೆ ಬೀಳುತ್ತಾನೆ, ನವೆಂಬರಿನಲ್ಲಿ ಅಷ್ಟೇ ಮುಂದೆ ಓಡುತ್ತಾನೆ. ಹೇಳಬಹುದಿತ್ತು. ಆದರೆ ಅವರು ನಾಮಕರಣದ ನೋವಿನಲ್ಲಿದ್ದರು.

ಹಾಗಂತ ನಮ್ಮ ಜನ ಎಲ್ಲದಕ್ಕೂ ಲೇಟು ಅಂದರೆ ನಾನು ಒಪ್ಪುವುದಿಲ್ಲ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಪಂಜಾಬಿನ ಬಿತ್ತನೆ ಆಲೂಗೆಡ್ಡೆ ಹಾಸನದ ಮಾರುಕಟ್ಟೆಗೆ ಬಂದಿದೆ ಅಂತ ಗೊತ್ತಾಗಲಿ, ಆರತಕ್ಷತೆಗೆ ಎಂಟೂವರೆಗೆ ಬರುವ ಮನುಷ್ಯ ಬೆಳಗಿನ ಜಾವ ನಾಲ್ಕಕ್ಕೆ ಟ್ರ್ಯಾಕ್ಟರ್ ಹೊಡೆದಿರುತ್ತಾನೆ. ಕೃತ್ತಿಕೆಯೋ ರೋಹಿಣಿಯೋ ಒಂದು ಹದ ಮಳೆ ಬಿದ್ದರೆ ನೆಲ ಕಾಯುವುದಿಲ್ಲ. ತಡವಾಗಿ ಬಿತ್ತಿದರೆ ಅಂಗಮಾರಿ ಕಾಯುತ್ತಿರುತ್ತದೆ. ಹಾಸನಾಂಬೆಯ ಬಾಗಿಲೂ ಅಷ್ಟೇ: ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಅಂದರೆ ಅದೇ ಗುರುವಾರ. ಮಳೆ ಮತ್ತು ದೇವರು, ಇವೆರಡಕ್ಕೆ ಮುಂದಕ್ಕೆ ಹಾಕುವ ಅಭ್ಯಾಸ ಇಲ್ಲ ಅಂತ ಊರಿಗೆ ಗೊತ್ತು. ಉಳಿದವರಿಗೆಲ್ಲ ಇದೆ ಅಂತಲೂ ಗೊತ್ತು. ಹತ್ತೂವರೆಯ ಸಭೆಗೆ ಮುಖ್ಯ ಅತಿಥಿಗಳು ಒಂದೂ ಕಾಲಿಗೆ ಬರುವುದನ್ನು ನಲವತ್ತು ವರ್ಷ ನೋಡಿದವರಿಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

ಮೇಷ್ಟ್ರಿಗೆ ಇದು ಸಾಕಾಗಲಿಲ್ಲ. ವೈಜ್ಞಾನಿಕ ಆಧಾರ ಬೇಕಾಯಿತು. ಎಲ್ಲಿಂದಲೋ ರಾಬರ್ಟ್ ಲೆವೀನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞನ ಪುಸ್ತಕ ತರಿಸಿದರು, 1997ರದು. ಆತನೂ ಇವರ ಜಾತಿಯವನೇ: ಬ್ರೆಜಿಲ್‌ನ ನಿತೆರೋಯ್ ಊರಿಗೆ ಪಾಠ ಹೇಳಲು ಹೋಗಿ, ಹತ್ತರ ಕ್ಲಾಸಿಗೆ ಹನ್ನೊಂದಕ್ಕೆ ನಗುತ್ತಾ ಬಂದ ಹುಡುಗರನ್ನು ಕಂಡು ತಲೆಕೆಡಿಸಿಕೊಂಡವನು. ಹುಡುಗರು ಮುಗಿಯುವ ಟೈಮಿಗೂ ಏಳದೆ ಪ್ರಶ್ನೆ ಕೇಳುತ್ತಾ ಕೂತರಂತೆ. ಬರುವುದಕ್ಕೆ ಹೇಗೆ ಅವಸರವಿಲ್ಲವೋ ಹೋಗುವುದಕ್ಕೂ ಹಾಗೆಯೇ. ಆಮೇಲೆ ಆತ ಮೂವತ್ತೊಂದು ದೇಶಗಳ ಬದುಕಿನ ವೇಗ ಅಳೆಸಿದ. ಜನ ಅರವತ್ತು ಅಡಿ ನಡೆಯಲು ಎಷ್ಟು ಸೆಕೆಂಡು, ಅಂಚೆ ಚೀಟಿ ಕೊಳ್ಳಲು ಎಷ್ಟು ಹೊತ್ತು, ಬ್ಯಾಂಕಿನ ಗಡಿಯಾರ ಎಷ್ಟು ಸರಿ. ಸ್ವಿಟ್ಜರ್ಲೆಂಡ್ ಮೊದಲು, ಮೆಕ್ಸಿಕೋ ಕೊನೆ. ಮೇಷ್ಟ್ರು ಪಟ್ಟಿಯನ್ನು ಎರಡೆರಡು ಸಲ ಓದಿದರು. ಇಂಡಿಯಾ ಇಲ್ಲ. ಇಥಿಯೋಪಿಯಾವೂ ಇಲ್ಲ. ಅವರ ಎರಡೂ ದೇಶಗಳು ಗೈರುಹಾಜರು.

ಮರುದಿನ ಬೆಳಿಗ್ಗೆ ಟೇಪು, ಸುಣ್ಣದ ಪುಡಿ, ನೋಟ್‌ಬುಕ್ಕು, ಜೊತೆಗೆ ನಾನು. ಪೇಟೆಯ ರಸ್ತೆ ಬದಿಯಲ್ಲಿ ಅರವತ್ತು ಅಡಿ ಅಳೆದು ಎರಡು ಗೆರೆ ಎಳೆದೆವು. ಮೇಷ್ಟ್ರು ವಾಚು ಹಿಡಿದು ನಿಂತರು. ಮೊದಲನೆಯವನು ಹಾಲಿನ ಕ್ಯಾನು ಹಿಡಿದು ಗೆರೆ ದಾಟಿದ. ಹತ್ತು ಹೆಜ್ಜೆ ಹಾಕಿ, ನಿಂತು, ವಾಪಸು ಬಂದು, 'ಏನ್ ಮೇಷ್ಟ್ರೇ, ರೋಡ್ ಅಗಲ ಮಾಡ್ತಾರಾ?' ಅಂದ. ಹೆದ್ದಾರಿ ಕೆಲಸದಲ್ಲಿ ಜಮೀನು ಕೊಟ್ಟ ಸೀಮೆ ಇದು. ಟೇಪು ಮತ್ತು ಸುಣ್ಣ ಕಂಡರೆ ಜನ ಹಾವು ಕಂಡ ಹಾಗೆ ನಿಲ್ಲುತ್ತಾರೆ. ಎರಡನೆಯವಳು ಸೊಪ್ಪಿನ ಬುಟ್ಟಿ ಇಳಿಸಿ, 'ನನ್ನ ಜಗಲಿ ಎಷ್ಟು ಹೋಯ್ತದೆ?' ಅಂತ ಕೇಳಿದಳು. ಮೂರನೆಯವನು ನಡೆಯಲೇ ಇಲ್ಲ, ಗೆರೆಯ ಮೇಲೆ ಕೂತು ಬೀಡಿ ಹಚ್ಚಿ, ಯಾರಿಗೆ ಎಷ್ಟು ಪರಿಹಾರ ಬಂತು ಅನ್ನುವುದನ್ನು ಸರ್ವೆ ನಂಬರ್ ಸಮೇತ ಹೇಳತೊಡಗಿದ. ಅರ್ಧ ಗಂಟೆಯಲ್ಲಿ ಇಪ್ಪತ್ತು ಜನ ಸೇರಿದರು. ಎರಡೂ ಗೆರೆಗಳ ನಡುವೆ ಪಂಚಾಯಿತಿ ಕೂತಿತು. ಯಾರೋ ಕಾಫಿ ತರಿಸಿದರು. ಎರಡು ಸುತ್ತು ಆಯಿತು. ಹನ್ನೊಂದು ಗಂಟೆಗೆ ನೋಟ್‌ಬುಕ್ಕಿನಲ್ಲಿ ನೋಡಿದೆ, ಒಂದೇ ಒಂದು ನಮೂದು: 'ಅರವತ್ತು ಅಡಿ — ಯಾರೂ ಪೂರ್ತಿ ದಾಟಲಿಲ್ಲ.'

ಹೋದ ವರ್ಷದ ಮಾತು. ಮೇಷ್ಟರ ಹಳೆಯ ಶಿಷ್ಯನೊಬ್ಬ ಮೈಸೂರಿಗೆ ಪಿಎಚ್.ಡಿ. ಮಾಡಲು ಬಂದಿದ್ದ. 'ಭಾನುವಾರ ನಾಲ್ಕು ಗಂಟೆಗೆ ನಿಮ್ಮೂರಲ್ಲಿರುತ್ತೇನೆ' ಅಂತ ವಾಟ್ಸ್ಆ್ಯಪ್ ಮಾಡಿದ. ಮೇಷ್ಟ್ರು ನಕ್ಕರು. 'ಇಥಿಯೋಪಿಯಾದವನ ನಾಲ್ಕು ಅಂದ್ರೆ ನಮ್ಮ ಹತ್ತು ಕಣ್ರೀ. ನಿಮಗೆಲ್ಲ ಗೊತ್ತಾಗಲ್ಲ.' ಒಂದು ಸಲ ಕೇಳಿಬಿಡಿ ಅಂದೆ. ಹನ್ನೊಂದು ವರ್ಷ ಅಲ್ಲಿದ್ದವರು ಕೇಳುವುದುಂಟೇ. ಬೆಳಿಗ್ಗೆ 9-50ಕ್ಕೆ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ ಬಸ್ ಸ್ಟಾಪಿನಲ್ಲಿ ನಿಂತರು. ಹತ್ತಾಯಿತು, ಹನ್ನೊಂದಾಯಿತು. ಫೋನ್ ಮಾಡಿ ಅಂದರೆ, 'ಕಾಯೋನು ಫೋನ್ ಮಾಡಿದ್ರೆ ಬರೋನು ಸುಳ್ಳು ಹೇಳ್ಬೇಕಾಗುತ್ತೆ. ಶಿಷ್ಯನಿಗೆ ಆ ಕಷ್ಟ ಬೇಡ' ಅಂದರು. ಒಂದೂವರೆಗೆ ಬಿಸಿಲು ತಡೆಯದೆ ಮನೆಗೆ ಬಂದು, 'ಜನ ಬದಲಾಗಲ್ಲ' ಅಂತ ಅರ್ಧ ಮುದ್ದೆಗೊಂದು ಸಲ ಹೇಳುತ್ತಾ ಉಂಡು, ಪಂಚೆ ಸುತ್ತಿಕೊಂಡು ಮಲಗಿಬಿಟ್ಟರು. ನಾನು ಹಾಲಿನಲ್ಲಿ ಪೇಪರ್ ಓದುತ್ತಾ ಕೂತೆ.

ಸರಿಯಾಗಿ ನಾಲ್ಕಕ್ಕೆ ಫೋನ್ ಬಡಿಯಿತು. ಗೋಡೆ ಗಡಿಯಾರದಲ್ಲಿ ನಾಲ್ಕು, ನನ್ನ ವಾಚಿನಲ್ಲೂ ನಾಲ್ಕು. ಅವೆರಡೂ ಒಂದೇ ಟೈಮ್ ತೋರಿಸಿದ್ದೇ ಒಂದು ವಿಶೇಷ. ಸ್ಪೀಕರಿನಲ್ಲಿ ಹುಡುಗನ ದನಿ ಖುಷಿಯಿಂದ ಕುಣಿಯುತ್ತಿತ್ತು: 'ಸರ್, ಬಸ್ ಸ್ಟಾಪಿನಲ್ಲಿದ್ದೇನೆ. ನೀವು ಹೇಳುತ್ತಿದ್ದಿರಲ್ಲ, ಇಂಡಿಯಾದಲ್ಲಿ ನಾಲ್ಕು ಅಂದರೆ ನಾಲ್ಕು ಅಂತ. ಅದಕ್ಕೇ ಮೂರೂವರೆಗೇ ಬಂದು ಕಾಯುತ್ತಾ ಕೂತೆ. ನೀವೆಲ್ಲಿದ್ದೀರಿ?'

ಮೇಷ್ಟ್ರು ಎದ್ದು ನಿಂತಿದ್ದರು. ಪಂಚೆ ಕಳಚಿ, ಒಂದು ಕಾಲು ಪ್ಯಾಂಟಿನೊಳಗೆ, ಇನ್ನೊಂದು ಕಾಲು ಹೊರಗೆ. ಭಾನುವಾರ ನಾಲ್ಕೂವರೆಗೆ ರಾಹುಕಾಲ ಬೇರೆ, ಅಷ್ಟರಲ್ಲಿ ಹುಡುಗನನ್ನು ಮನೆ ತುಂಬಿಸಿಕೊಳ್ಳಬೇಕು ಅಂತ ಮನೆಯವರು ಬೆಳಿಗ್ಗೆಯಿಂದ ಹೇಳುತ್ತಿದ್ದರು. ಮೇಷ್ಟ್ರು ಒಂದು ಸಲ ವಾಚು ನೋಡಿಕೊಂಡರು, ಒಂದು ಸಲ ನನ್ನ ಮುಖ ನೋಡಿದರು, ಆಮೇಲೆ ಗೋಡೆಯ ಕಡೆ ತಿರುಗಿ ನಿಂತು ಮೆಲ್ಲಗೆ ಅಂದರು:

'ನಿಯರ್ ದಿ ಟೋಲ್... ಜಸ್ಟ್ ಕಮಿಂಗ್, ಜಸ್ಟ್ ಕಮಿಂಗ್.'

ಅಡುಗೆಮನೆಯಿಂದ ಮನೆಯವರ ದನಿ ಬಂತು. 'ಹಂಗೇ ಅರ್ಧ ಲೀಟ್ರು ಹಾಲು ತಗೊಂಬನ್ನಿ. ಹೆಂಗೂ ಟೋಲ್ ಹತ್ರಾನೇ ಇದೀರಲ್ಲ.'